ಕರುವಿಗೆ ಗಿಣ್ಣು, ಕಂದನಿಗೆ ಸಕ್ಕರೆ ನೀರೇ?

ತುಮಕೂರಿನ ಪಕ್ಕದ ಗೂಳೂರಿನಂಥ ಊರುಗಳಲ್ಲಿ ಹಸು ಕರು ಹಾಕಿತೆಂದರೆ ನೆರೆಮನೆಗೂ ಗಿಣ್ಣಿನ ಪಾಲು ಸಲ್ಲುತ್ತದೆ. ಈದ ಹಸುವಿನ ಮೊದಲ ಹಾಲು ಕರುವಿನ ಹೊಟ್ಟೆ ಸೇರಲೇಬೇಕೆಂಬುದೂ ರೈತರಿಗೆ ಗೊತ್ತು. ಬಾಣಂತಿಯ ಮಾತು ಬಂದಾಗ ಮಾತ್ರ ಈ ತಿಳಿವಳಿಕೆ ಮರೆಯಾಗುತ್ತದೆ. ಹಳದಿ ಬಣ್ಣದ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಜೇನುತುಪ್ಪ, ಸಕ್ಕರೆ ನೀರು ಹಾಕುವ ರೂಢಿ ನಾಡಿನ ಹಲವೆಡೆ ಇತ್ತು. ಇನ್ನೂ ಪೂರ್ತಿ ಹೋಗಿಲ್ಲ.

ಈ ಮೊದಲ ಹಾಲಿನಲ್ಲಿ ರೋಗನಿರೋಧಕ ವಸ್ತುಗಳು ಹೇರಳವಾಗಿವೆ. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು, ಆರು ತಿಂಗಳವರೆಗೆ ಬೇರೇನನ್ನೂ, ನೀರನ್ನು ಸಹ, ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೇನುತುಪ್ಪವಂತೂ ವರ್ಷದೊಳಗಿನ ಮಕ್ಕಳಿಗೆ ಅಪಾಯ ತರಬಲ್ಲುದು.

ಹೆರಿಗೆ ಆಸ್ಪತ್ರೆಯಲ್ಲಾದರೆ ಎಲ್ಲವೂ ಸರಿಹೋಗುತ್ತದೆ ಎಂದುಕೊಳ್ಳುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆಸ್ಪತ್ರೆ ಹೆರಿಗೆಗಳ ಪ್ರಮಾಣ 2015-16ರಲ್ಲಿ ಶೇ 78.9 ಇದ್ದದ್ದು 2019-21ರಲ್ಲಿ ಶೇ 88.6ಕ್ಕೆ ಏರಿತು. ಆದರೆ ಮೊದಲ ಗಂಟೆಯೊಳಗೆ ತಾಯಿಹಾಲು ಪಡೆದ ಮಕ್ಕಳ ಪ್ರಮಾಣ ಶೇ 41.6ರಿಂದ 41.8ಕ್ಕೆ ಬಂದು ನಿಂತಿತು.

ಕಾರಣಗಳು ಹಲವು. ಸಿಸೇರಿಯನ್ ಹೆರಿಗೆಯ ನಂತರ ತಾಯಿ ಒಂದೆಡೆ, ಮಗು ಒಂದೆಡೆ ಆಗುವುದುಂಟು. ಸೊಂಟದ ಕೆಳಗಷ್ಟೇ ಅರಿವಳಿಕೆ ಕೊಟ್ಟಿದ್ದರೆ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಯಾರಾದರೂ ಮಗುವನ್ನು ಹಿಡಿದು ನೆರವಾದರೆ ಆಗಲೂ ಹಾಲೂಡಿಸಬಹುದು. ಎರಡನೆಯದು, 'ಹಾಲು ಇಳಿದಿಲ್ಲ' ಎಂಬ ಅಳುಕು. ಹಾಲು ತುಂಬಿಕೊಳ್ಳಲು ಎರಡು ಮೂರು ದಿನ ಹಿಡಿಯುವುದು ಸಹಜ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಒಂದೆರಡು ಚಮಚ ಸಾಕು. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಇದನ್ನು ತಿಳಿಯದೆ ಪುಡಿಹಾಲಿನ ಡಬ್ಬ ತಂದರೆ ಮಗು ಚೀಪುವುದು ಕಡಿಮೆಯಾಗುತ್ತದೆ, ಹಾಲೂ ಕಡಿಮೆಯಾಗುತ್ತದೆ. ಅಳುಕು ನಿಜವೇ ಆಗಿಬಿಡುತ್ತದೆ! ಪುಡಿಹಾಲಿನ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. ಆದರೆ ನೆಂಟರಿಷ್ಟರ ಸಲಹೆಗೆ ಯಾವ ಕಾಯ್ದೆಯ ತಡೆಯಿದೆ?

ಮೂರನೆಯದು, ಮನೆಯವರ ಮಾತು. ಚೊಚ್ಚಲ ಬಾಣಂತಿ ಹೆಚ್ಚಾಗಿ ನಂಬುವುದು ತನ್ನ ತಾಯಿ ಮತ್ತು ಅತ್ತೆಯನ್ನು. ಆದ್ದರಿಂದ ಬಸುರಿಯೊಬ್ಬಳಿಗೇ ಬುದ್ಧಿ ಹೇಳಿದರೆ ಸಾಲದು. ಆಶಾ ಕಾರ್ಯಕರ್ತೆ ಅಥವಾ ನರ್ಸ್ ಮನೆಗೆ ಬಂದಾಗ ಅಜ್ಜಿಯೂ ಗಂಡನೂ ಜೊತೆಯಲ್ಲಿ ಕುಳಿತು ಕೇಳಬೇಕು.

ತೂಕ ಕಡಿಮೆಯಿರುವ ಅಥವಾ ಚೀಪಲಾಗದ ಮಗುವಿಗೆ ತಾಯಿಹಾಲನ್ನೇ ಹಿಂಡಿ, ವೈದ್ಯರ ಸಲಹೆಯಂತೆ ಒಳಲೆಯಲ್ಲಿ ಕುಡಿಸಬಹುದು. ಎಷ್ಟು ಪ್ರಯತ್ನಿಸಿದರೂ ಆಗದಿದ್ದಲ್ಲಿ ತಾಯಿಯನ್ನು ದೂರುವುದು ಸಲ್ಲದು. ಆಕೆಗೆ ಬೇಕಾದುದು ವೈದ್ಯರ ನೆರವು, ಮನೆಯವರ ಧೈರ್ಯ.

ಜೀವಶಾಸ್ತ್ರದ ಪಾಠದಲ್ಲಿ ಇದನ್ನು ಓದುವ ಹುಡುಗ ಹುಡುಗಿಯರು ಪರೀಕ್ಷೆಯ ಐದು ಅಂಕಕ್ಕಷ್ಟೇ ಅದನ್ನು ಮೀಸಲಿಡದೆ ಮನೆಯಲ್ಲೂ ಹೇಳಲಿ. ಅಕ್ಕನಿಗೋ ಅತ್ತಿಗೆಗೋ ಹೆರಿಗೆಯಾದ ದಿನ ಆ ಪಾಠ ಉಪಯೋಗಕ್ಕೆ ಬಂದೀತು.