ಕ್ರೂಸರ್ ಹಿಡಿಯಕ್ಕ ಬರ್ತದ, ದೋಣಿ ಹಿಡಿಯಕ್ಕ ಬರಲ್ಲೇನು?

ಸಿಟ್ಟು ಬಂದಾಗ ಮಾತ್ರ ಬ್ಲಾಗ್ ಬರೀತೀರಿ ಅನ್ನೋದು ನನ್ನ ಹೆಂಡತಿಯ ತಕರಾರು. ಈ ಸಲಾನೂ ಅದೇ. ಆದರೆ ಈ ಸಲದ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲೇ ಇದೆ, ಉಳಿದರ್ಧ ನಿಮ್ಮ ಮೇಲೆ. ಬೇಜಾರು ಮಾಡ್ಕೋಬೇಡಿ.

ಶುರುವಾದದ್ದು ಹೀಗೆ. ಹೈದರಾಬಾದಿನಲ್ಲಿ ಕೆಲಸ ಮಾಡುವ ನಮ್ಮ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ. "ಮಾಮಾ, ಗ್ರೀಸ್‌ಗೆ ಹೊಂಟೀವ್ರಿ. ಎಂಟು ಮಂದಿ ಫ್ರೆಂಡ್ಸ್. ಒಂದು ವಾರ ಒಂದು ಯಾಟ್ ಪೂರಾ ನಮ್ಮದೇ. ಮೂರು ಫೋಟೋ ಕಳಿಸ್ತೀನಿ, ಯಾವುದು ಛಲೋ ಅದ ಹೇಳ್ರಿ" ಅಂದ. ಸೇಡಂನಲ್ಲಿ ಕೂತು ವಾಡಿಗೆ ಡ್ಯೂಟಿಗೆ ಓಡಾಡುವವನಿಗೆ ಗ್ರೀಸಿನ ಯಾಟ್ ತೋರಿಸಿ ಯಾವುದು ಛಲೋ ಅಂತ ಕೇಳೋದು ಪ್ರೀತಿಯೋ ಚೇಷ್ಟೆಯೋ ಗೊತ್ತಾಗಲಿಲ್ಲ. ಫೋಟೋ ಬಂದವು. ಬಿಳೀ ದೋಣಿ, ನೀಲಿ ನೀರು. ಮೂರೂ ಒಂದೇ ಥರ. ಕೆಳಗೆ ತಲೆಗೆ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ. ಅಷ್ಟೇ.

"ನಡೆಸೋನು ಯಾರು?" ಅಂತ ಕೇಳಿದೆ. "ಯಾರರೆ ಇರ್ತಾರ ಬಿಡ್ರಿ ಮಾಮಾ, ಅವರೇ ಕೊಡ್ತಾರ" ಅಂದ.

ಈ 'ಬಿಡ್ರಿ' ಇದೆಯಲ್ಲ, ಅದರ ಮೇಲೆ ನನ್ನ ಸಿಟ್ಟು.

ನಮ್ಮ ಕಡೆ ಒಂದು ಕ್ರೂಸರ್ ಜೀಪು ಬಾಡಿಗೆಗೆ ಹಿಡಿಯೋದನ್ನ ನೀವು ನೋಡಬೇಕು. ಚಿಂಚೋಳಿಯಲ್ಲಾಗಲಿ, ಚಿತ್ತಾಪುರದಲ್ಲಾಗಲಿ, ಶಹಾಬಾದಿನಲ್ಲಾಗಲಿ, ತಿರುಪತಿಗೋ ಪಂಢರಪುರಕ್ಕೋ ಹೊರಟ ಮನೆಯ ಹಿರಿಯ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬರ್ತಾನೆ. ಟೈರಿಗೆ ಉಗುರು ಒತ್ತಿ ನೋಡ್ತಾನೆ. ಸ್ಟೆಪ್ನಿ ಇದೆಯಾ? ಪರ್ಮಿಟ್ ಇದೆಯಾ? ಕಿಲೋಮೀಟರಿಗೆ ಎಷ್ಟು, ಡ್ರೈವರ್ ಬತ್ತಾ ಎಷ್ಟು, ಟೋಲ್ ಯಾರದ್ದು, ರಾತ್ರಿ ಹಾಲ್ಟ್ ಆದರೆ ಏನು? ಕೊನೆಗೆ ಡ್ರೈವರನ್ನೇ ಹಿಡಿದು, "ನಿನ್ನೆ ರಾತ್ರಿ ಎಲ್ಲಿಗೆ ಹೋಗಿದ್ದಿ? ನಿದ್ದಿ ಆಗ್ಯಾದಿಲ್ಲ?" ಈ ಕೊನೆಯ ಪ್ರಶ್ನೆ ಕೇಳೋಕೆ ಯಾವ ಪದವಿಯೂ ಬೇಕಿಲ್ಲ. ನಮ್ಮಪ್ಪ ಮೂರನೇ ಇಯತ್ತೆ ಓದಿದವರು, ಒಂದು ಸಲವೂ ಈ ಪ್ರಶ್ನೆ ಬಿಟ್ಟವರಲ್ಲ.

ಅದೇ ಮನುಷ್ಯನನ್ನ ಸಮುದ್ರದ ದಂಡೆಗೆ ಕರ್ಕೊಂಡು ಹೋಗಿ. ಬಾಯಿ ಬಂದ್. ದೋಣಿಯವನು ಕೈ ಮಾಡಿದರೆ ಕೂತುಬಿಡ್ತಾನೆ.

ಇದನ್ನ ಬೇರೆಯವರ ಕಥೆಯಾಗಿ ಹೇಳ್ತಿಲ್ಲ. 2016ರಲ್ಲಿ ನಾವು ಹನ್ನೆರಡು ಮಂದಿ ಸೇಡಂನಿಂದ ಕರಾವಳಿಗೆ ಹೋಗಿದ್ವಿ. ಅವ್ವ, ಚಿತ್ತಾಪುರದ ಕಾಕಿ, ಚಿಂಚೋಳಿಯ ತಮ್ಮನ ಇಬ್ಬರು ಸಣ್ಣ ಮಕ್ಕಳು, ಎಲ್ಲರೂ. ಕ್ರೂಸರಿನ ಟೈರು ನಾನೇ ನೋಡಿದ್ದೆ. ದಂಡೆಯಲ್ಲಿ ಒಬ್ಬ, ಡಾಲ್ಫಿನ್ ತೋರಿಸ್ತೀನಿ ಬರ್ರಿ ಅಂದ. ಹತ್ತಿದ್ವಿ. ನಮ್ಮ ಮೇಲೆ ಇನ್ನೂ ಎಂಟೊಂಬತ್ತು ಜನರನ್ನ ತುಂಬಿದ. ಲೈಫ್ ಜಾಕೆಟ್ ಒಂದು ಮೂಲೆಯಲ್ಲಿ ಹಗ್ಗ ಕಟ್ಟಿ ಇಟ್ಟಿದ್ದರು, ನಾಲ್ಕೋ ಐದೋ. ಕೇಳಬೇಕು ಅಂತ ನನಗೆ ಅನ್ನಿಸಿತು. ಕೇಳಲಿಲ್ಲ. ಯಾಕೆ? ನಾಚಿಕೆ ರೀ! ಬಯಲುಸೀಮೆಯವರು, ನೀರು ಕಂಡರೆ ಹೆದರ್ತಾರೆ ಅಂತ ನಗ್ತಾರಲ್ಲ ಅಂತ. ಸ್ವಲ್ಪ ದೂರ ಹೋದ ಮೇಲೆ ಇಂಜಿನ್ ನಿಂತಿತು. ದೋಣಿ ಅಡ್ಡ ತಿರುಗಿ ಓಲಾಡೋಕೆ ಶುರುವಾಯಿತು. ಹತ್ತು ನಿಮಿಷ ಇರಬಹುದು. ಅವ್ವ ನನ್ನ ಮೊಣಕೈ ಹಿಡಿದ ಗುರುತು ಎರಡು ದಿನ ಇತ್ತು. ಮತ್ತೆ ಸ್ಟಾರ್ಟ್ ಆಯಿತು, ದಂಡೆಗೆ ಬಂದ್ವಿ, ದುಡ್ಡು ಕೊಟ್ವಿ, ಮೇಲೆ ಐವತ್ತು ರೂಪಾಯಿ ಚಹಾಕ್ಕೆ ಅಂತಾನೂ ಕೊಟ್ಟೆ!

ಊರಿಗೆ ಬಂದು ಏನು ಬರೆದೆ ಗೊತ್ತಾ? ಸೂರ್ಯಾಸ್ತದ ಬಗ್ಗೆ ಬರೆದೆ. ಸಮುದ್ರದ ಉಪ್ಪು ಗಾಳಿ, ಮೀನಿನ ಊಟ, ಆರು ಫೋಟೋ. ಹತ್ತು ನಿಮಿಷದ ಬಗ್ಗೆ ಒಂದು ಅಕ್ಷರ ಇಲ್ಲ. ನೀವೆಲ್ಲ ಬಂದು "ಸೂಪರ್ ಸಾರ್, ಹೊಟ್ಟೆ ಉರಿಸ್ತೀರಿ" ಅಂತ ಕಮೆಂಟಿಸಿದ್ರಿ. ಒಬ್ಬರು, ನಿಮ್ಮ ಬರಹ ನೋಡಿ ನಾವೂ ಮಕ್ಕಳ ಜೊತೆ ಹೋಗಿ ಬಂದ್ವಿ ಅಂತ ಬರೆದರು. ಆಗ ಖುಷಿಯಾಗಿತ್ತು.

2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆಗೆ ಹೋಗಿ ಬರುತ್ತಿದ್ದವರ ದೋಣಿ ಮಗುಚಿತು. 16 ಜನ ಸತ್ತರು. ಅವರಲ್ಲಿ ಬಹಳ ಜನ ಹಾವೇರಿ ಕಡೆಯವರು, ನಮ್ಮ ಹಾಗೇ ಬಯಲುಸೀಮೆಯವರು. ಹೆಚ್ಚು ಜನ ತುಂಬಿದ್ದರು, ಲೈಫ್ ಜಾಕೆಟ್ ಹಾಕಿರಲಿಲ್ಲ ಅಂತ ಆಗ ಪತ್ರಿಕೆಗಳು ಬರೆದವು. ಅವತ್ತು ರಾತ್ರಿ ನನ್ನ ಹಳೇ ಬರಹ ತೆಗೆದು ಓದಿದೆ. ನಿದ್ದೆ ಬರಲಿಲ್ಲ.

ಆಮೇಲೇನಾದರೂ ಕಲಿತೆವಾ? 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಕತ್ತಲಾದ ಮೇಲೆ, ಮೀನಿನ ದೋಣಿಯನ್ನ ತಿದ್ದಿ ಮಾಡಿದ ಪ್ರವಾಸಿ ದೋಣಿ ಮುಳುಗಿ 22 ಜನ. 2024ರ ಜನವರಿ 18ರಂದು ವಡೋದರದ ಹರ್ಣಿ ಕೆರೆಯಲ್ಲಿ ಶಾಲೆಯ 12 ಮಕ್ಕಳು, 2 ಶಿಕ್ಷಕಿಯರು. ಕೆರೆ ರೀ ಅದು, ಸಮುದ್ರ ಅಲ್ಲ.

ಇದೆಲ್ಲ ಸರ್ಕಾರದ ಕೆಲಸ, ನಾವೇನು ಮಾಡೋದು ಅಂತ ಕೆಲವರು ಹೇಳ್ತೀರಿ. ಸರ್ಕಾರದ ಕೆಲಸವೇ, ಒಪ್ಪಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ತಂದಿದೆ. ನದಿ, ಹಿನ್ನೀರಿನ ದೋಣಿಗಳಿಗೆ 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಬಂತು, 1917ರ ಹಳೇ ಕಾಯ್ದೆಯನ್ನ ತೆಗೆದು. ನೋಂದಣಿ, ತಪಾಸಣೆ, ವಿಮೆ ಎಲ್ಲ ಅದರಲ್ಲಿದೆ. ಆದರೆ ಮೋಟಾರು ವಾಹನ ಕಾಯ್ದೆಯೂ ಇದೆಯಲ್ಲ? ಕಾಯ್ದೆ ಇದೆ ಅಂತ ನಮ್ಮಪ್ಪ ಟೈರ್ ನೋಡೋದು ಬಿಟ್ಟರಾ?

ಹಣೆಬರಹ ಅನ್ನುವವರ ಹತ್ತಿರ ನನಗೆ ಮಾತಿಲ್ಲ. ಅವರೂ ಕ್ರೂಸರಿನ ಸ್ಟೆಪ್ನಿ ಕೇಳೇ ಕೇಳ್ತಾರೆ.

ಸರಿ, ಗ್ರೀಸಿಗೆ ಬರೋಣ. ಅಳಿಯನಿಗೋಸ್ಕರ ಎರಡು ರಾತ್ರಿ ಕೂತು ಓದಿದೆ. ಓದಿದ ಮೇಲೆ ನಗು ಬಂತು. ಅಲ್ಲಿನ ಯಾಟ್ ಬಾಡಿಗೆಯೂ ನಮ್ಮ ಕ್ರೂಸರ್ ಬಾಡಿಗೆಯೂ ಅಣ್ಣತಮ್ಮಂದಿರು. ಮೂರು ಥರ ಸಿಗುತ್ತೆ. ಬರೀ ದೋಣಿ ತಗೊಂಡು ನೀವೇ ನಡೆಸೋದು, ಅದಕ್ಕೆ ಲೈಸೆನ್ಸ್ ಇರಬೇಕು. ದೋಣಿ ಜೊತೆ ಒಬ್ಬ ನಾವಿಕ. ಅಥವಾ ಅಡುಗೆಯವರೂ ಸೇರಿ ಪೂರ್ತಿ ಸಿಬ್ಬಂದಿ. ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಪೂರ್ತಿ ಸಿಬ್ಬಂದಿ ಇರೋ ದೋಣಿಯಾದರೆ ಬಾಡಿಗೆಯ ಮೇಲೆ ಸುಮಾರು ಕಾಲು ಭಾಗದಿಂದ ಮೂರರಲ್ಲೊಂದು ಭಾಗದಷ್ಟು ದುಡ್ಡು ಮುಂಗಡವಾಗಿ ಕ್ಯಾಪ್ಟನ್ ಕೈಗೆ ಕೊಡಬೇಕು: ಡೀಸೆಲ್, ಊಟ, ಬಂದರಿನ ಶುಲ್ಕ ಎಲ್ಲ ಅದರಲ್ಲಿ, ಉಳಿದದ್ದು ವಾಪಸ್. ಬತ್ತಾ, ಟೋಲ್ ಅಂತ ನಾವು ಕೂಗಾಡ್ತೀವಲ್ಲ, ಅದೇ. ಅಳಿಯ ತಲೆಗೆ ಇಷ್ಟು ಅಂತ ಹಾಕಿದ ಲೆಕ್ಕದಲ್ಲಿ ಇದು ಇರಲೇ ಇಲ್ಲ. ತೆರಿಗೆಯೂ ಇರಲಿಲ್ಲ, ಡಿಪಾಜಿಟ್ಟೂ ಇರಲಿಲ್ಲ.

ಆದರೆ ದುಡ್ಡು ಹೋದರೆ ಹೋಗಲಿ. ಗಾಳಿಯ ವಿಷಯ ಕೇಳಿ. ಜುಲೈ-ಆಗಸ್ಟಿನಲ್ಲಿ ಏಜಿಯನ್ ಸಮುದ್ರದಲ್ಲಿ ಉತ್ತರದ ಕಡೆಯಿಂದ ಮೆಲ್ಟೆಮಿ ಅನ್ನೋ ಗಾಳಿ ಬೀಸುತ್ತೆ. ಆಕಾಶದಲ್ಲಿ ಒಂದು ಮೋಡ ಇರಲ್ಲ, ಬಿಸಿಲು ಝಗಝಗ, ಫೋಟೋಕ್ಕೆ ಹೇಳಿ ಮಾಡಿಸಿದಂಗೆ. ಸಮುದ್ರ ಮಾತ್ರ ಎದ್ದು ಕುಣೀತಿರುತ್ತೆ. ಒಂದೊಂದು ಸಲ ದಿನಗಟ್ಟಲೆ. ಮಿಕೊನೊಸ್, ಸಾಂಟೊರಿನಿ ಇರೋ ಸೈಕ್ಲಾಡೀಸ್ ದ್ವೀಪಗಳ ಕಡೆ ಇದರ ಹೊಡೆತ ಜಾಸ್ತಿ. ಅಥೆನ್ಸ್ ಪಕ್ಕದ ಸಾರೋನಿಕ್ ಕೊಲ್ಲಿ (ಈಜಿನಾ, ಪೊರೊಸ್, ಹೈಡ್ರಾ), ಪಶ್ಚಿಮದ ಅಯೋನಿಯನ್ ದ್ವೀಪಗಳು ಎಷ್ಟೋ ಮೆತ್ತಗೆ. ಗಾಳಿ ಒಂದು ಮಟ್ಟ ದಾಟಿದರೆ ಬಂದರಿನ ಅಧಿಕಾರಿಗಳು ಹೊರಡೋದನ್ನೇ ತಡೀತಾರೆ. ನಮ್ಮ ಹುಡುಗರು ಹೊರಟದ್ದು ಎಲ್ಲಿಗೆ? ಜುಲೈ ಕೊನೆಯಲ್ಲಿ, ಮಿಕೊನೊಸ್, ಸಾಂಟೊರಿನಿ. ಶನಿವಾರ ದೋಣಿ ವಾಪಸ್, ಅದೇ ರಾತ್ರಿ ವಿಮಾನ.

ಇಲ್ಲೇ ನನ್ನ ಜಗಳ. ಇಡೀ ದೋಣಿ ನಮ್ಮದೇ ಅಂತ ಹಿಡಿಯೋದನ್ನ ಎಲ್ಲರೂ ಷೋಕಿ ಅಂತಾರೆ. ನಾನು ಹಾಗನ್ನಲ್ಲ. ಇಡೀ ದೋಣಿ ಹಿಡಿದರೆ, ಇನ್ನೂ ಎಂಟು ಜನ ಹತ್ತಿಸಬೇಡ ಅಂತ ಹೇಳೋ ಹಕ್ಕು ನಮಗೆ ಸಿಗುತ್ತೆ. 2016ರಲ್ಲಿ ನಾನು ಇನ್ನೊಂದಿಷ್ಟು ದುಡ್ಡು ಕೊಟ್ಟು ಆ ದೋಣಿ ಪೂರ್ತಿ ಹಿಡಿಯಬಹುದಿತ್ತು. ಆದರೆ ಪೂರ್ತಿ ಹಿಡಿದವರ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕುತ್ತೆ: ದುಡ್ಡು ನಂದು, ಹೇಳಿದ ಕಡೆ ನಡಿ. ನಮ್ಮ ಕಡೆ ಡ್ರೈವರ್ "ಕಣ್ಣು ಎಳೀಲಿಕತ್ಯಾವ್ರಿ, ಒಂದು ತಾಸು ನಿಂದ್ರಸ್ತೀನಿ" ಅಂದರೆ ಹಿಂದಿನ ಸೀಟಿನಿಂದ ಒಬ್ಬ "ಏ ನಡಿಯೋ, ದರ್ಶನ ತಪ್ತದ" ಅಂತಾನಲ್ಲ, ಅವನೇ ಇವನು. ಗ್ರೀಸಿಗೂ ಬರ್ತಾನೆ ಅವನು, ವೀಸಾ ತಗೊಂಡು.

ಅದಕ್ಕೇ ಅಳಿಯನಿಗೆ ಹೇಳಿದೆ, ಫೋಟೋ ಎತ್ತಿಡು. ಮೂರೂ ದೋಣಿಯವರಿಗೆ ಒಂದೇ ಪ್ರಶ್ನೆ ಬರೆದು ಕಳಿಸು: ಜುಲೈ ಕೊನೆಯಲ್ಲಿ ನಮ್ಮನ್ನ ಖಂಡಿತ ಮಿಕೊನೊಸ್‌ಗೆ ಮುಟ್ಟಿಸ್ತೀರಾ? ಯಾರು "ಖಂಡಿತ ಸಾರ್" ಅಂತಾರೋ ಅವರನ್ನ ಬಿಡು.

ಸೇಡಂನಲ್ಲಿ ಕೂತವನಿಗೆ ಈ ಸಮುದ್ರದ ಉಸಾಬರಿ ಯಾಕೆ ಅನ್ನಬೇಡಿ. ಮಳಖೇಡ ಇಲ್ಲೇ ಪಕ್ಕದಲ್ಲಿದೆ. ಕ್ರಿ.ಶ. 851ರ ಸುಮಾರಿಗೆ ಬರೆದ ಅರಬ್ ವ್ಯಾಪಾರಿಯ ಪ್ರವಾಸ ಕಥನದಲ್ಲಿ ನಮ್ಮ ರಾಷ್ಟ್ರಕೂಟ ದೊರೆ 'ಬಲ್ಹರಾ' ಅಂತ ಬರ್ತಾನೆ, ಸಮುದ್ರ ದಾಟಿ ಬಂದವರ ಬಾಯಲ್ಲಿ :) ಈಗ ಅದೇ ಮಳಖೇಡದಲ್ಲಿ ಮಳೆಗಾಲದಲ್ಲಿ ಕಾಗಿಣಾ ತುಂಬಿ ಸೇತುವೆ ಮುಳುಗಿದರೆ ಎರಡೂ ಕಡೆ ಗಾಡಿ ನಿಂತುಬಿಡ್ತವೆ. ನೀರು ಇಳಿಯೋವರೆಗೂ ಕಾಯಬೇಕು ಅನ್ನೋದು ನಮಗೆ ಗೊತ್ತಿಲ್ಲದ್ದೇನಲ್ಲ.

ಇನ್ನು ನಿಮ್ಮ ಪಾಲಿನ ಬೈಗುಳ. ದೇವಬಾಗ, ಸೇಂಟ್ ಮೇರಿಸ್, ನೇತ್ರಾಣಿ, ಚಂದ್ರಂಪಳ್ಳಿ ಅಂತ ಎಷ್ಟು ಪ್ರವಾಸ ಬರಹ ಓದಿದ್ದೀನಿ ನಾನು! ಅಲೆಗಳು ಪಿಸುಗುಟ್ಟಿದ್ದು, ಮೋಡ ನಾಚಿದ್ದು ಎಲ್ಲ ಇರುತ್ತೆ. ದೋಣಿಯಲ್ಲಿ ಎಷ್ಟು ಜನ ಇದ್ದರು, ಜಾಕೆಟ್ ಕೊಟ್ಟರಾ, ಮಕ್ಕಳ ಅಳತೆಯದ್ದು ಇತ್ತಾ, ಎಷ್ಟು ಗಂಟೆಗೆ ವಾಪಸ್ ಬಂದ್ವಿ? ಒಂದು ಸಾಲು ಬರೆಯೋಕೆ ಕೈ ನೋಯುತ್ತಾ? ಓದಿದವರು ಹೆಂಡತಿ ಮಕ್ಕಳನ್ನ ಕರ್ಕೊಂಡು ಹೊರಡ್ತಾರೆ ರೀ.

ನಿನ್ನೆ ಅಳಿಯ ಮತ್ತೆ ಫೋನ್ ಮಾಡಿದ್ದ. ಇಬ್ಬರು "ಖಂಡಿತ" ಅಂದರಂತೆ. ಮೂರನೆಯವನು, ಗಾಳಿ ನೋಡಿ ಹೇಳ್ತೀನಿ, ನಿಮಗೆ ಮಿಕೊನೊಸ್ಸೇ ಬೇಕಂದರೆ ಫೆರಿಯಲ್ಲಿ ಹೋಗಿ, ನನ್ನ ಜೊತೆ ಬರೋದಾದರೆ ಸಾರೋನಿಕ್ ಕಡೆ ಬನ್ನಿ ಅಂತ ಬರೆದನಂತೆ. ಗೆಳೆಯರಲ್ಲಿ ಇಬ್ಬರು ಸಿಟ್ಟಾಗಿ ಹಿಂದೆ ಸರಿದಿದ್ದಾರೆ, ತಲೆಗೆ ಬೀಳೋ ದುಡ್ಡು ಜಾಸ್ತಿಯಾಗಿದೆ, ಅಳಿಯ ನನ್ನ ಮೇಲೆ ಮುನಿಸಿಕೊಂಡೇ ಮೂರನೆಯವನಿಗೆ ಮುಂಗಡ ಕಳಿಸಿದ್ದಾನೆ. "ಮಾಮಾ, ಸಾಂಟೊರಿನಿ ಹೋತಲ್ರಿ" ಅಂತ ನಾಲ್ಕು ಸಲ ಅಂದ.

ನನ್ನ 2016ರ ಬರಹವನ್ನ ಅಳಿಸಿಲ್ಲ. ಮೇಲೆ ಆ ಹತ್ತು ನಿಮಿಷದ ಕಥೆ ಸೇರಿಸಿದ್ದೇನೆ, ಜಾಕೆಟ್ ಎಷ್ಟಿದ್ದವು ಅನ್ನೋದೂ ಸೇರಿ. ಸೂರ್ಯಾಸ್ತದ ಫೋಟೋ ಕೆಳಗಡೆ ಇದೆ.