ಲೋ ಬಿಪಿಗೆ ಒಂದು ಚಿಟಿಕೆ ಉಪ್ಪು

ಶ್ರಾವಣದ ಶನಿವಾರ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸಾಲಿನಲ್ಲಿ ಯಾರಿಗಾದರೂ ಕಣ್ಣು ಕತ್ತಲೆ ಬಂದರೆ ಸುತ್ತಲಿನವರ ತೀರ್ಪು ಸಿದ್ಧ: 'ಬಿಪಿ ಲೋ ಆಗಿದೆ, ಉಪ್ಪು ಹಾಕಿ ಮಜ್ಜಿಗೆ ಕೊಡಿ.' ಬೆಟ್ಟದ ಎತ್ತರವನ್ನು ದೂರುವವರೂ ಉಂಟು. 1,454 ಮೀಟರ್‌ಗೆಲ್ಲ ಆರೋಗ್ಯವಂತರು ತಲೆಸುತ್ತಿ ಬೀಳುವುದಿಲ್ಲ. ಬೆಳಗಿನಿಂದ ಉಪವಾಸ, ದಾರಿಯಲ್ಲಿ ಶೌಚಾಲಯ ಸಿಕ್ಕುತ್ತದೋ ಇಲ್ಲವೋ ಎಂದು ನೀರನ್ನೇ ಮುಟ್ಟದ ಹೆಂಗಸರು, ಮೇಲೆ ಬಾಯಾರಿಕೆಯೇ ತಿಳಿಯದ ಚಳಿ. ಇಷ್ಟರ ಮೇಲೆ ನಿಂತೇ ಇರಬೇಕು. ನಿಂತ ಮನುಷ್ಯನ ರಕ್ತದಲ್ಲಿ ಅರ್ಧ ಲೀಟರಿಗೂ ಹೆಚ್ಚು ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ಮೊದಲೇ ಕಡಿಮೆಯಿದ್ದರೆ ಮಿದುಳಿಗೆ ಸಾಲದು.

ಹಾಗಿದ್ದರೆ ಮಜ್ಜಿಗೆಯ ವೈದ್ಯ ಸರಿಯೇ? ಅರ್ಧ ಸರಿ. ಸೋಡಿಯಂ ಇದ್ದ ಕಡೆ ನೀರು ನಿಲ್ಲುತ್ತದೆ, ರಕ್ತದ ಪ್ರಮಾಣ ಏರುತ್ತದೆ. ಆದರೆ ಚಿಟಿಕೆ ಉಪ್ಪೆಂದರೆ ಅರ್ಧ ಗ್ರಾಂ ಕೂಡ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್‌ನಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪಿರುತ್ತದೆ, ಜೊತೆಗೆ ಕರುಳಿನಲ್ಲಿ ಆ ಉಪ್ಪನ್ನು ಒಳಗೆಳೆದುಕೊಳ್ಳಲು ಗ್ಲೂಕೋಸ್. ಸಾಲಿನಲ್ಲಿ ಕುಸಿದವರನ್ನು ಎಬ್ಬಿಸಿದ್ದು ಹೆಚ್ಚಾಗಿ ಅವರನ್ನು ಮಲಗಿಸಿದ್ದು, ಆಮೇಲೆ ಹೊಟ್ಟೆಗೆ ಬಿದ್ದ ನೀರು. ಹೆಸರು ಮಾತ್ರ ಉಪ್ಪಿಗೆ.

ಉಪ್ಪೇ ಔಷಧವಾಗುವ ಕಾಯಿಲೆಯೂ ಇದೆ. ಪಾಟ್ಸ್ ಎಂಬ ತೊಂದರೆಯಲ್ಲಿ ಎದ್ದು ನಿಂತ ಹತ್ತು ನಿಮಿಷದೊಳಗೆ ನಾಡಿ ನಿಮಿಷಕ್ಕೆ 30 ಬಡಿತಕ್ಕೂ ಹೆಚ್ಚು ಏರುತ್ತದೆ, ರಕ್ತದೊತ್ತಡ ಅಷ್ಟೇನೂ ಇಳಿದಿರುವುದಿಲ್ಲ. ಹಲವರಲ್ಲಿ ರಕ್ತದ ಪ್ರಮಾಣವೇ ಕಡಿಮೆ. ಇಂಥವರಿಗೆ ತಜ್ಞರು ದಿನಕ್ಕೆ 10 ಗ್ರಾಂನಷ್ಟು ಉಪ್ಪು, ಎರಡು ಮೂರು ಲೀಟರ್ ನೀರು ಹೇಳುವುದುಂಟು. ಉಳಿದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ, ಒಂದು ಟೀ ಚಮಚಕ್ಕೂ ತುಸು ಕಡಿಮೆ. ಉಪ್ಪು ಬಿಡಿ ಎಂಬ ಬೋರ್ಡನ್ನು ನೋಡಿ ಇಂಥ ರೋಗಿಗಳು ಹೆದರಿದರೆ ಅದೂ ತಪ್ಪೇ.

ನನ್ನ ತಕರಾರು ಬೇರೆ. ಬೆಟ್ಟದ ಕೆಳಗೆ ಗುಂಡ್ಲುಪೇಟೆಯ ಸುತ್ತ ಚೆಂಡುಹೂವು, ಅರಿಸಿನದ ಹೊಲಗಳಲ್ಲಿ ಬಗ್ಗಿ ಎದ್ದು ಕೆಲಸ ಮಾಡುವ ಹೆಂಗಸಿಗೆ ತಲೆ ಸುತ್ತಿದರೂ ನಾವು ಕೊಡುವ ಹೆಸರು ಲೋ ಬಿಪಿಯೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅವರಲ್ಲಿ ಕಡಿಮೆಯಿರುವುದು ಹಿಮೋಗ್ಲೋಬಿನ್. ಉಪ್ಪು ನೀರನ್ನು ಹಿಡಿದಿಟ್ಟೀತು, ಕಬ್ಬಿಣವನ್ನು ತಂದುಕೊಡದು. 'ಮಜ್ಜಿಗೆ ಕುಡಿ, ಸರಿಹೋಯ್ತದೆ' ಎಂಬ ಕಕ್ಕುಲಾತಿಯಲ್ಲೇ ವರ್ಷಗಳು ಕಳೆದುಹೋಗುತ್ತವೆ. ಬಿಪಿ ಮಾತ್ರೆ ನುಂಗುವ ಅಜ್ಜನ ಕತೆ ಇದರ ತಿರುವುಮುರುವು. ಎದ್ದಾಗ ತಲೆ ಸುತ್ತಿದರೆ ಅವರ ಮಾತ್ರೆಯ ಪ್ರಮಾಣವನ್ನು ವೈದ್ಯರು ಮತ್ತೆ ನೋಡಬೇಕು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಉಪ್ಪಿನ ಶರಬತ್ತು ಹಿಡಿಸುವುದು ಎಂಥ ವೈದ್ಯ? ಕಿಡ್ನಿ, ಹೃದಯ ಸೋತವರಿಗಂತೂ ಅದು ನೇರ ಅಪಾಯ.

ಇವನ್ನೆಲ್ಲ ಬೇರ್ಪಡಿಸಲು ದೊಡ್ಡಾಸ್ಪತ್ರೆ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುರ್ಚಿಯ ಮೇಲೆ ಕೂರಿಸಿ ಒಮ್ಮೆ ಬಿಪಿ ನೋಡಿ ಕಳಿಸುವ ಬದಲು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಲಿ. ಮೇಲಿನ ಅಂಕಿ 20 ಇಳಿಯಿತೇ, ನಾಡಿ ಎಷ್ಟು ಏರಿತು ಎಂದು ಬರೆದುಕೊಳ್ಳಲಿ. ಬೆರಳಿಗೆ ಚುಚ್ಚಿ ಹಿಮೋಗ್ಲೋಬಿನ್ ನೋಡಲಿ. ಉಪ್ಪಿನ ಮಾತು ಆಮೇಲೆ.