ಕೊಡಲಿಗೆ ಹಿಡಿ ಹಾಕುವವರಾರು?

ನೆರವು ಕೇಳಿ ಬಂದ ಓರ್ವ ಅನ್ಸಾರಿಯ ಘಟನೆ ನಮಗೆಲ್ಲ ಗೊತ್ತು. ಆತನ ಮನೆಯಲ್ಲಿದ್ದುದು ಒಂದು ಹೊದಿಕೆ ಮತ್ತು ಒಂದು ನೀರಿನ ಪಾತ್ರೆ. ಪ್ರವಾದಿಯವರು(ಸ) ಅವನ್ನು ತರಿಸಿ, ಅನುಯಾಯಿಗಳ ನಡುವೆ ಹರಾಜಿಗಿಟ್ಟು ಎರಡು ದಿರ್ಹಮ್‌ಗೆ ಮಾರಿದರು. ಒಂದು ದಿರ್ಹಮ್‌ನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಕೊಡಲಿಗೆ ಸ್ವತಃ ತಮ್ಮ ಕೈಯಿಂದಲೇ ಹಿಡಿ ಹಾಕಿಕೊಟ್ಟು, ಸೌದೆ ಕಡಿದು ಮಾರುವಂತೆ ಹೇಳಿ, ಹದಿನೈದು ದಿನಗಳ ಗಡುವು ವಿಧಿಸಿದರು. ಆತ ಮರಳಿ ಬಂದಾಗ ಹತ್ತು ದಿರ್ಹಮ್ ಸಂಪಾದಿಸಿದ್ದ.

ಬೇಡಬಾರದೆಂಬ ಉಪದೇಶಕ್ಕಷ್ಟೇ ನಾವು ಈ ಘಟನೆಯನ್ನು ಬಳಸುತ್ತೇವೆ. ಆದರೆ ಅಲ್ಲಿ ಬಂಡವಾಳ ಒದಗಿಸಿದ ಖರೀದಿದಾರನಿದ್ದ; ಉಪಕರಣ ಕೊಟ್ಟು, ದಾರಿ ತೋರಿಸಿ, ಲೆಕ್ಕ ಕೇಳಿದ ನಾಯಕತ್ವವಿತ್ತು. ಆತನ ಬೆವರು ಫಲ ನೀಡಿದ್ದು ಇವರೆಲ್ಲರ ಸಹಕಾರದಿಂದ.

ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್‌ನತ್ತ ನೋಡೋಣ. ಇಲ್ಲಿನ ಮಹಾಲಕ್ಷ್ಮಿ ಮೆಟ್ರೋ ನಿಲ್ದಾಣದಿಂದ ಐದನೆಯ ನಿಲ್ದಾಣವೇ ಪೀಣ್ಯ ಇಂಡಸ್ಟ್ರಿ. ಸಾವಿರಾರು ಸಣ್ಣ ಕಾರ್ಖಾನೆಗಳ ಆ ಪ್ರದೇಶಕ್ಕೆ ಸದಾ ಬೇಕಿರುವುದು ನುರಿತ ಕೈಗಳು. ಪಕ್ಕದ ರಾಜಾಜಿನಗರ ಕೈಗಾರಿಕಾ ಎಸ್ಟೇಟ್‌ನಲ್ಲಿ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಡೆನ್ಮಾರ್ಕ್ ಸರಕಾರದ ಸಹಭಾಗಿತ್ವದಲ್ಲಿ 1972ರಲ್ಲಿ ಆರಂಭವಾದ ಸಂಸ್ಥೆಯಿದು. ಎಸೆಸೆಲ್ಸಿ ಮುಗಿಸಿದವರು ಇಲ್ಲಿ ಉಪಕರಣ ಮತ್ತು ಅಚ್ಚು ತಯಾರಿಕೆಯ ಡಿಪ್ಲೊಮಾ ಪಡೆಯಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಡಿ, 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ಭತ್ತೆ ನೀಡಿ ನೇಮಿಸಿಕೊಳ್ಳುವುದು ಕಡ್ಡಾಯ.

ಸರಕಾರವಿದೆ, ಕೈಗಾರಿಕೆಯಿದೆ, ತರಬೇತಿಯಿದೆ. ಹಾಗಾದರೆ ಕೊರತೆಯೆಲ್ಲಿ? ಮುಸ್ಲಿಮ್ ದುಡಿಮೆಗಾರರಲ್ಲಿ ಸ್ವಉದ್ಯೋಗಿಗಳೇ ಹೆಚ್ಚು, ಸುಭದ್ರ ವೇತನದ ಉದ್ಯೋಗದಲ್ಲಿರುವವರು ಕಡಿಮೆ ಎಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಗ್ಯಾರೇಜಿನಲ್ಲಿ ಹತ್ತು ವರ್ಷ ದುಡಿದ ನಮ್ಮ ಹುಡುಗನ ಕೈಯಲ್ಲಿ ಕಸುಬಿದೆ, ಪ್ರಮಾಣಪತ್ರವಿಲ್ಲ. ಹೀಗಾಗಿ ಕಾರ್ಖಾನೆಯ ಬಾಗಿಲಲ್ಲಿ ಆತ ಅನಕ್ಷರಸ್ಥನಿಗೆ ಸಮ. ತಾರತಮ್ಯವನ್ನು ನಾವು ಪ್ರಶ್ನಿಸಲೇಬೇಕು, ನಿಜ. ಆದರೆ ಅರ್ಜಿಯನ್ನೇ ಹಾಕದವನ ಪರವಾಗಿ ಯಾರೊಡನೆ ವಾದಿಸುವುದು?

ಮಸೀದಿಯ ಸೂಚನಾ ಫಲಕದಲ್ಲಿ ನಮಾಝ್‌ನ ವೇಳಾಪಟ್ಟಿಯ ಜೊತೆ ಡಿಪ್ಲೊಮಾ ಪ್ರವೇಶದ ಕೊನೆಯ ದಿನಾಂಕವೂ ಇರಲಿ. ಜಮಾಅತ್ ತನ್ನ ಮೊಹಲ್ಲಾದಲ್ಲಿ ಶಾಲೆ ಬಿಟ್ಟ ಹುಡುಗ ಹುಡುಗಿಯರ ಪಟ್ಟಿ ಮಾಡಲಿ. ಅರ್ಹ ಬಡ ವಿದ್ಯಾರ್ಥಿಯ ಶುಲ್ಕಕ್ಕೆ ಝಕಾತ್ ನಿಧಿ ನೆರವಾಗಲಿ. ಪೀಣ್ಯದಲ್ಲಿ ದುಡಿಯುತ್ತಿರುವ ಹಿರಿಯರು ವರ್ಷಕ್ಕೆ ಒಬ್ಬೊಬ್ಬ ತರುಣನನ್ನಾದರೂ ಜೊತೆಗೆ ಕರೆದೊಯ್ಯಲಿ. ರಮಝಾನ್‌ನಲ್ಲಿ ಹಂಚುವ ಕಿಟ್ ಒಂದು ತಿಂಗಳಲ್ಲಿ ಮುಗಿಯುತ್ತದೆ, ಕಲಿತ ಕಸುಬು ಒಂದು ಮನೆಯನ್ನೇ ಸಾಕುತ್ತದೆ.

ಕೊಡಲಿ ಸಿದ್ಧವಿದೆ, ಹಿಡಿ ಹಾಕುವ ಹೊಣೆ ನಮ್ಮದು. ಹದಿನೈದು ದಿನಗಳ ಬಳಿಕ ಲೆಕ್ಕ ಕೇಳುವ ಕಾಳಜಿಯೂ ನಮಗಿರಲಿ.